ದುಡ್ಡು ಕೊಟ್ಟು ಮಾಡಿದ ಕೂಲಿ

"ದುಡ್ಡು ಕೊಟ್ಟು ಕೂಲಿ ಮಾಡೋದಕ್ಕೆ ಯಾರಾದರೂ ಹೋಗ್ತಾರೇನೋ ಮಗೂ?"

ಮಾವನವರು ಪತ್ರಿಕೆಯಿಂದ ತಲೆ ಎತ್ತದೆ ಮೊಮ್ಮಗನನ್ನು ಕೇಳಿದ ಪ್ರಶ್ನೆ ಇದು. ಅಕ್ಟೋಬರ್ ಕೊನೆಯ ಭಾನುವಾರ, ಬೆಳಗಿನ ಏಳು ಗಂಟೆ. ಗೋಕುಲಂ ಮೂರನೇ ಹಂತದ ನಮ್ಮ ಮನೆ ಮುಂದಿನ ರಸ್ತೆಯಲ್ಲಿ ಯೋಗ ಕಲಿಯಲು ಬಂದಿರುವ ವಿದೇಶಿ ಹುಡುಗ ಹುಡುಗಿಯರು ಚಾಪೆ ಸುತ್ತಿ ಬಗಲಿಗೇರಿಸಿಕೊಂಡು ಎಳನೀರಿನ ಗಾಡಿಯತ್ತ ನಡೆದಿದ್ದರು. ದಸರೆಯ ಗದ್ದಲ ಮುಗಿದಿತ್ತು. ಚಿತ್ತಾ ಮಳೆ ಕಳೆದು ಸ್ವಾತಿ ಮಳೆ ಹುಟ್ಟಿ ಎರಡೋ ಮೂರೋ ದಿನವಾಗಿತ್ತು. ಆಕಾಶ ಮಾತ್ರ ತೊಳೆದು ಒರೆಸಿಟ್ಟ ತಟ್ಟೆಯ ಹಾಗೆ. ಬಿಸಿಲಿದ್ದರೂ ಸುಡದ, ಗಾಳಿಯಿದ್ದರೂ ನಡುಗಿಸದ ಶರದೃತುವಿನ ಇಂಥ ದಿನಗಳು ಮೈಸೂರಿನಲ್ಲಿ ವರ್ಷಕ್ಕೆ ಎಷ್ಟು ಸಿಗುತ್ತವೆ ಹೇಳಿ!

ನಾವು ಹೊರಟಿದ್ದು ಇಲವಾಲದಾಚೆಯ ಒಂದು ಸೀಬೆ ತೋಟಕ್ಕೆ. ಹಣ್ಣನ್ನು ನಾವೇ ಮರದಿಂದ ಕೀಳುವುದು, ನಾವೇ ಆರಿಸುವುದು, ತೂಗಿಸಿ ದುಡ್ಡು ಕೊಟ್ಟು ಮನೆಗೆ ತರುವುದು. ಕೇಳಿದಾಗಿನಿಂದ ಮಾವನವರ ಮುಖದಲ್ಲಿ ಒಂದು ಬಗೆಯ ವ್ಯಂಗ್ಯದ ನಗು. "ಕೀಳೋ ಕೆಲಸ ನಿಮ್ಮದು, ಹೊರೋ ಕೆಲಸ ನಿಮ್ಮದು, ಕಾಸೂ ನಿಮ್ಮದೇ! ಆ ತೋಟದವನು ಜಾಣ ಕಣಮ್ಮ" ಎಂದು ನನಗೂ ಒಂದು ಮಾತು ಹೇಳಿದರು.

ಆದರೂ ಚಪ್ಪಲಿ ಮೆಟ್ಟಿ ಎಲ್ಲರಿಗಿಂತ ಮೊದಲು ಕಾರಿನ ಮುಂದಿನ ಸೀಟಿನಲ್ಲಿ ಕೂತವರೂ ಅವರೇ.

ನಾದಿನಿಯ ಸೇಬು, ನಮ್ಮ ಸೀಬೆ

ಇದಕ್ಕೆಲ್ಲ ಮೂಲ ಅಮೆರಿಕದಲ್ಲಿರುವ ನನ್ನ ನಾದಿನಿ. ಅಕ್ಟೋಬರ್ ಬಂತೆಂದರೆ ಸಾಕು, ಅವಳ ಕಡೆಯಿಂದ ನಮ್ಮ ಫೋನಿಗೆ ಸೇಬಿನ ಚಿತ್ರಗಳ ಸುರಿಮಳೆ. ಮಕ್ಕಳು ಸೇಬಿನ ಮರದ ಕೆಳಗೆ, ಗಂಡ ಕುಂಬಳಕಾಯಿಗಳ ರಾಶಿಯ ಮೇಲೆ, ಇವಳು ಬುಟ್ಟಿ ಹಿಡಿದು ನಡುವೆ. 'ನೀವೇ ಕಿತ್ತುಕೊಳ್ಳಿ' ಎಂದು ಬೋರ್ಡು ಹಾಕಿದ ತೋಟಗಳಂತೆ. ಬಾಗಿಲಲ್ಲಿ ಚೀಲ ಕೊಂಡು ಒಳಗೆ ಹೋದರೆ ತುಂಬುವಷ್ಟು ಕಿತ್ತು ತರಬಹುದಂತೆ. ಅಲ್ಲಿನ ಸಂಸಾರಗಳಿಗೆ ಶರತ್ಕಾಲದ ಒಂದು ಭಾನುವಾರ ಇದಕ್ಕೇ ಮೀಸಲು. ನಮ್ಮ ಕನ್ನಡದ ಮನೆಗಳೂ ಅದಕ್ಕೆ ಹೊರತಲ್ಲ.

ಈ ಪದ್ಧತಿ ಹುಟ್ಟಿದ್ದು ಮೋಜಿಗಾಗಿ ಅಲ್ಲ. ಅಮೆರಿಕದಲ್ಲಿ 1930 ಮತ್ತು 40ರ ದಶಕಗಳಲ್ಲಿ, ಆರ್ಥಿಕ ಮುಗ್ಗಟ್ಟಿನ ದಿನಗಳಲ್ಲೂ ಮಹಾಯುದ್ಧದ ನಂತರವೂ ಹಣ್ಣಿನ ಬೆಲೆ ಬಿದ್ದುಹೋಗಿ, ಕೀಳಿಸುವ ಕೂಲಿಯೂ ತುಂಬುವ ಪೆಟ್ಟಿಗೆಯ ಖರ್ಚೂ ಹುಟ್ಟದಾದಾಗ ಬೆಳೆಗಾರರು ಕಂಡುಕೊಂಡ ದಾರಿ ಇದು. 'ಬನ್ನಿ, ನೀವೇ ಕಿತ್ತುಕೊಂಡು ಕಡಿಮೆ ಬೆಲೆಗೆ ಒಯ್ಯಿರಿ' ಎಂದರು. ಕಷ್ಟಕ್ಕೆ ತೆರೆದ ಬಾಗಿಲು ಮುಂದೆ ಹಬ್ಬದ ಬಾಗಿಲಾಯಿತು.

ನಮ್ಮಲ್ಲೂ ಇದು ತೀರ ಹೊಸದೇನಲ್ಲ. ಕರ್ನಾಟಕ ರಾಜ್ಯ ಮಾವು ಅಭಿವೃದ್ಧಿ ಮತ್ತು ಮಾರುಕಟ್ಟೆ ನಿಗಮದವರು ಕಳೆದ ದಶಕದಲ್ಲಿ ಮಾವಿನ ಕಾಲದ ಭಾನುವಾರಗಳಂದು ಬೆಂಗಳೂರಿನ ಮಂದಿಯನ್ನು ಬಸ್ಸಿನಲ್ಲಿ ರಾಮನಗರ, ಕೋಲಾರದ ಕಡೆಯ ತೋಟಗಳಿಗೆ ಕರೆದೊಯ್ದು ಹಣ್ಣು ಕೀಳಿಸಿದ್ದುಂಟು. ಗುಂಡ್ಲುಪೇಟೆಯ ಕಡೆ ಸೂರ್ಯಕಾಂತಿ ಅರಳುವ ಹೊತ್ತಿಗೆ ಹೊಲದಲ್ಲಿ ನಿಂತು ಫೋಟೋ ತೆಗೆಸಿಕೊಳ್ಳಲು ಬರುವವರಿಂದ ರೈತರು ಒಂದಿಷ್ಟು ಕಾಸು ಪಡೆಯುವುದನ್ನು ಊಟಿ ರಸ್ತೆಯಲ್ಲಿ ಓಡಾಡಿದವರೆಲ್ಲ ಬಲ್ಲರು.

ನಮ್ಮ ಮನೆಯಲ್ಲಿ ಕಿಡಿ ಹೊತ್ತಿಸಿದ್ದು ಮಾತ್ರ ಎಂಟು ವರ್ಷದ ಮಗನ ಒಂದು ಪ್ರಶ್ನೆ. ಅಂಗಡಿಯಿಂದ ತಂದ ದೊಡ್ಡ ಸೀಬೆಕಾಯಿಗೆ ತೊಡಿಸಿದ್ದ ಬಿಳಿ ಬಲೆಯನ್ನು ಬೆರಳಿಗೆ ಸಿಕ್ಕಿಸಿಕೊಂಡು ಅವನು ಕೇಳಿದ: "ಅಮ್ಮಾ, ಈ ಬಲೆ ಮರದಲ್ಲೇ ಇರುತ್ತಾ?"

ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು. ನಕ್ಕು ಮುಗಿದ ಮೇಲೆ ನಮ್ಮವರು ಮೆಲ್ಲನೆ ಹೇಳಿದರು: "ನಗೋದಲ್ಲ ಇದು. ಇವನು ಸೀಬೆ ಮರ ಹತ್ತಿರದಿಂದ ನೋಡೇ ಇಲ್ಲ."

ನಿಜ. ಹತ್ತು ನಿಮಿಷದಲ್ಲಿ ಮನೆ ಬಾಗಿಲಿಗೆ ಹಣ್ಣು ತಂದಿಡುವ ಕಾಲ ಇದು. ತಂದಿಡುವ ಹುಡುಗನ ಮುಖವನ್ನೇ ನೋಡುವುದಿಲ್ಲ. ಬೆಳೆದವನ ಮುಖ ಎಲ್ಲಿಂದ ನೋಡಬೇಕು?

ಹಿನಕಲ್ ದಾಟಿದ ಮೇಲೆ

ಹಿನಕಲ್ ದಾಟಿ ಹುಣಸೂರು ರಸ್ತೆ ಹಿಡಿದೆವು. ಹೂಟಗಳ್ಳಿಯ ಕಾರ್ಖಾನೆಗಳು ಕಳೆದ ಮೇಲೂ ಊರು ಮುಗಿಯಲೊಲ್ಲದು. ಅಲ್ಲೊಂದು ರಾಗಿ ಹೊಲ, ಅದರ ಪಕ್ಕದಲ್ಲೇ ಕಲ್ಲು ನೆಟ್ಟು ನಿವೇಶನ ಮಾಡಿದ ಬಯಲು, ಮತ್ತೆ ಹೊಲ, ಮತ್ತೆ ಬಡಾವಣೆಯ ಬಣ್ಣದ ಕಮಾನು.

"ಇಲ್ಲೆಲ್ಲ ಮೊದಲು ಏನಿತ್ತು ತಾತ?" ಹಿಂದಿನ ಸೀಟಿನಿಂದ ಮಗಳ ಪ್ರಶ್ನೆ.

"ಹೊಲ."

"ನಮ್ಮ ಗೋಕುಲಂನಲ್ಲಿ?"

"ನಾವು ಮನೆ ಕಟ್ಟೋ ಹೊತ್ತಿಗೆ ನಮ್ಮ ಸೈಟಿನ ಹಿಂದೆಯೂ ಹೊಲವೇ. ರಾತ್ರಿ ನರಿ ಕೂಗ್ತಿತ್ತು."

ಮಾತು ಅಲ್ಲಿಗೇ ನಿಂತಿತು. ಅದು ಏಕೆ ನಿಂತಿತೆಂದು ನನಗೂ ನಮ್ಮವರಿಗೂ ಗೊತ್ತು. ಮಾವನವರದು ಪಿರಿಯಾಪಟ್ಟಣ ತಾಲ್ಲೂಕಿನ ಹಳ್ಳಿ. ಅಲ್ಲಿ ಅವರ ಪಾಲಿಗೆ ಎರಡೂವರೆ ಎಕರೆ ಜಮೀನು, ಬಾವಿ, ಬಾವಿಯ ಪಕ್ಕ ಒಂದು ಸೀಬೆ ಮರ ಇದ್ದವು. ಗೋಕುಲಂನ ಮನೆ ತಳಪಾಯದ ಮೇಲೆ ನಿಂತುಬಿಟ್ಟಾಗ, 1979ರಲ್ಲಿ, ಅದನ್ನು ಮಾರಿದರು. ಈಗ ಅಲ್ಲಿ ಹೊಗೆಸೊಪ್ಪು ಬೆಳೆಯುತ್ತಾರಂತೆ. 'ಅಂತೆ' ಎಂದೇ ಹೇಳಬೇಕು. ಮಾರಿದ ಮೇಲೆ ಮಾವನವರು ಆ ಕಡೆ ಹೋದವರಲ್ಲ. ಮದುವೆಗೆ, ಸಾವಿಗೆ ಊರಿಗೆ ಹೋದರೂ ಹೊಲದ ದಾರಿ ತುಳಿಯದೆ ಬಂದುಬಿಡುತ್ತಾರೆ.

ಮೂರು ನಿಯಮ

ತೋಟದ ಬಾಗಿಲಲ್ಲಿ ಕಮಾನಿಲ್ಲ, ಬೋರ್ಡಿಲ್ಲ. ಒಂದು ತೂಕದ ಯಂತ್ರ, ನಾಲ್ಕು ಪ್ಲಾಸ್ಟಿಕ್ ಕ್ರೇಟು, ಹೊಂಗೆ ಮರದ ಕೆಳಗೆ ಒಂದು ಚಾಪೆ. ತೋಟದ ಯಜಮಾನರಿಗೆ ಐವತ್ತೈದರ ಆಸುಪಾಸು. "ವಾರವೆಲ್ಲ ಆಳು ಹುಡುಕಾದೇ ಒಂದು ಕೆಲಸ ಸಾ. ಭಾನುವಾರ ಅಂತೂ ಯಾರೂ ಬರಾಕಿಲ್ಲ. ಹಣ್ಣಿಗೆ ಭಾನುವಾರ ಅಂತ ಗೊತ್ತಾಯ್ತದಾ? ಅದು ಹಣ್ಣಾಗೇ ಆಯ್ತದೆ" ಎಂದು ನಕ್ಕರು. ಪಟ್ಟಣದ ನಾಲ್ಕಾರು ಸಂಸಾರಗಳನ್ನು ಭಾನುವಾರ ಬರಮಾಡಿಕೊಳ್ಳಲು ಶುರುಮಾಡಿದ್ದು ಇದಕ್ಕಾಗಿ. ಅಮೆರಿಕದಲ್ಲಿ ಆ ಕಾಲಕ್ಕೆ ಬಂದ ಕಷ್ಟವೇ ಇಲವಾಲದಾಚೆ ಈ ಕಾಲಕ್ಕೆ ಬಂದಿದೆ, ಅಷ್ಟೆ.

ಅವರ ಹೆಂಡತಿ ಸೊಂಟಕ್ಕೆ ಸೆರಗು ಸಿಕ್ಕಿಸಿ ಮೂರು ನಿಯಮ ಹೇಳಿದರು. ಮರ ಹತ್ತಬಾರದು, ಅಲುಗಿಸಬಾರದು. ಹಣ್ಣನ್ನು ಎಳೆಯದೆ ಅಂಗೈಯಲ್ಲಿ ಹಿಡಿದು ಮೆಲ್ಲಗೆ ತಿರುವಿ ತೊಟ್ಟಿನ ಸಮೇತ ಕೀಳಬೇಕು. ಕಚ್ಚಿದ್ದನ್ನು ಪೂರ್ತಿ ತಿನ್ನಬೇಕು, ಬಿಸಾಡಬಾರದು. "ತಿಂದಿದ್ದಕ್ಕೆ ಲೆಕ್ಕ ಇಲ್ಲ, ಚೀಲಕ್ಕೆ ಹಾಕಿದ್ದಕ್ಕೆ ಮಾತ್ರ ಕಾಸು" ಎಂದಾಗ ಮಾವನವರು ಮೊದಲ ಬಾರಿಗೆ ಬಾಯಿಬಿಟ್ಟರು: "ನಮ್ಮೂರಲ್ಲೂ ಹಾಗೇ. ಹೊಲದಲ್ಲಿ ನಿಂತು ತಿಂದರೆ ಯಾರೂ ಕೇಳ್ತಿರಲಿಲ್ಲ. ಕಟ್ಟಿಕೊಂಡು ಹೋದರೆ ಮಾತ್ರ ಕಳ್ಳ."

"ಇನ್ನೊಂದು ಅಯ್ತೆ" ಎಂದರು ಆಕೆ. "ಆ ಕಡೆ ಸಾಲಿನಾಗೆ ಬಲೆ ಕಟ್ಟಿರ ಕಾಯಿ ಮುಟ್ಟಬ್ಯಾಡಿ. ಅವು ಅಂಗಡಿಗೆ ಹೋಗಾವು."

ಬಲೆ! ನಾವೆಲ್ಲ ಆ ಕಡೆ ತಿರುಗಿದೆವು. ಆಳೆತ್ತರಕ್ಕೆ ಸವರಿ ಬೆಳೆಸಿದ ಗಿಡಗಳ ಸಾಲು. ಗಿಡದ ತುಂಬ ಕಾಯಿ. ಒಂದೊಂದು ಕಾಯಿಗೂ ಅದೇ ಬಿಳಿ ಬಲೆ, ಅದರ ಮೇಲೊಂದು ತೆಳು ಪ್ಲಾಸ್ಟಿಕ್ ಕವರು! ಮಗ ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿದ. ನಕ್ಕವರಲ್ಲಿ ಒಬ್ಬರೂ ಅವನ ಮುಖ ನೋಡುವ ಸ್ಥಿತಿಯಲ್ಲಿರಲಿಲ್ಲ.

ಯಜಮಾನರು ಬಿಡಿಸಿ ಹೇಳಿದರು. ಕಾಯಿ ನಿಂಬೆಗಾತ್ರವಾದಾಗ ಬಲೆ ತೊಡಿಸಿ ಕವರು ಕಟ್ಟಿದರೆ ಹಣ್ಣುನೊಣ ಅದರೊಳಗೆ ಮೊಟ್ಟೆ ಇಡಲಾರದು. ಸೀಬೆಯೊಳಗಿನ ಬಿಳಿ ಹುಳು ಆ ನೊಣದ ಮರಿಯೇ. ಸಿಪ್ಪೆಯ ಮೇಲೆ ಕಲೆ ಬೀಳುವುದಿಲ್ಲ, ಔಷಧಿ ಹೊಡೆದರೂ ಕಾಯಿಗೆ ನೇರ ತಾಗುವುದಿಲ್ಲ. "ಒಂದೊಂದು ಕಾಯಿಗೂ ಒಂದೊಂದು ಸಲ ಕೈ ಹೋಗ್ಬೇಕು ಸಾ. ಕಟ್ಟಾಕೆ ಒಂದು ಸಲ, ಕೀಳಾಕೆ ಇನ್ನೊಂದು ಸಲ" ಎಂದರು. ಅಂಗಡಿಯ ಸೀಬೆಯ ಬೆಲೆಯಲ್ಲಿ ಗೊಬ್ಬರ, ನೀರು, ಲಾರಿ ಬಾಡಿಗೆ ಎಲ್ಲ ಇರಬಹುದು. ಈ ಕೈಗಳ ಲೆಕ್ಕ ನನಗಂತೂ ಅದುವರೆಗೆ ಹೊಳೆದಿರಲಿಲ್ಲ.

ಹಡಗಿನಲ್ಲಿ ಬಂದ ನೆಂಟ

ನಮಗೆ ಬಿಟ್ಟುಕೊಟ್ಟಿದ್ದು ಹಳೆಯ ಮರಗಳ ಸಾಲು. ಅಲಹಾಬಾದ್ ಸಫೇದ ಜಾತಿ, ಒಳಗೆ ಬೆಳ್ಳಗೆ. ಸೀಬೆಗೆ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಫಸಲು. ಮಳೆಗಾಲದ ಹಣ್ಣು ನೀರು ನೀರಾಗಿ ಸಪ್ಪೆ, ಹುಳುವಿನ ಕಾಟವೂ ಜಾಸ್ತಿ. ಮಳೆ ಹಿಂದೆ ಸರಿದು ರಾತ್ರಿ ತಂಪೇರುವ ಈ ದಿನಗಳಿಂದ ಮುಂದಕ್ಕೆ ಬರುವ ಹಣ್ಣೇ ರುಚಿ. ಕಡುಹಸಿರು ಕಳೆದು ಎಳೆಹಳದಿಗೆ ತಿರುಗುವ ಹೊತ್ತಿನಲ್ಲಿ ಕಿತ್ತರೆ ಮನೆಯಲ್ಲಿ ಎರಡು ಮೂರು ದಿನಕ್ಕೆ ಹದವಾಗಿ ಹಣ್ಣಾಗುತ್ತದೆ. ಪೂರ್ತಿ ಹಣ್ಣಾದದ್ದು ಗಿಳಿಗೆ, ಅಳಿಲಿಗೆ, ಇಲ್ಲವೇ ಮರದಡಿ ನಿಂತವರ ಬಾಯಿಗೆ.

ಬಡವರ ಸೇಬು ಎಂದು ಇದನ್ನು ಕರೆಯುತ್ತಾರಲ್ಲ, ಆ ಮಾತು ಸೇಬಿಗೇ ಹೆಚ್ಚಿನ ಗೌರವ. ನೂರು ಗ್ರಾಂ ಸೀಬೆಯಲ್ಲಿ ಸುಮಾರು 200 ಮಿಲಿಗ್ರಾಂ 'ಸಿ' ಜೀವಸತ್ವ. ಕಿತ್ತಳೆಯಲ್ಲಿರುವುದರ ಸುಮಾರು ನಾಲ್ಕರಷ್ಟು. ಸೇಬು ಇದರ ಹತ್ತಿರವೂ ಸುಳಿಯದು.

ಸೀಬೆ ಅಪ್ಪಟ ನಮ್ಮೂರ ಹಣ್ಣೆಂದೇ ನಾವು ತಿಳಿದಿದ್ದೇವೆ. ಮೈಸೂರಿನ ಸೀಬೆ ಧಾರವಾಡದಲ್ಲಿ ಪೇರಲ, ಮಂಗಳೂರಿನಲ್ಲಿ ಪೇರಳೆ, ಕೋಲಾರದ ಕಡೆ ಚೇಪೆಕಾಯಿ. ಇಷ್ಟೊಂದು ಹೆಸರು ಪಡೆದದ್ದು ಹೊರಗಿನದೆಂದರೆ ಯಾರು ನಂಬುತ್ತಾರೆ? ಆದರೆ ಇದರ ತವರು ಅಮೆರಿಕ ಖಂಡದ ಉಷ್ಣವಲಯ. ಪೋರ್ಚುಗೀಸರು ಬಂದ ಮೇಲೆ ನಮ್ಮಲ್ಲಿ ಬೇರೂರಿದ ಬೆಳೆ. ಸೀತಮ್ಮನ ಹೆಸರು ಹೊತ್ತ ಸೀತಾಫಲವೂ, ಕಾರ್ತಿಕದಲ್ಲಿ ಬಸವನಗುಡಿಯ ಪರಿಷೆಗೆ ಬರುವ ಕಡಲೆಕಾಯಿಯೂ ಆ ಕಡೆಯಿಂದಲೇ ಸಮುದ್ರ ದಾಟಿ ಬಂದವು. "ಹಾಗಾದ್ರೆ ಅತ್ತೆ ಊರಿನ ಹಣ್ಣು ನಮ್ಮೂರಲ್ಲಿದೆ" ಎಂದು ಮಗಳು ತೀರ್ಪು ಕೊಟ್ಟಳು. ಖಂಡದ ಲೆಕ್ಕದಲ್ಲಿ ತಪ್ಪೇನಿಲ್ಲ.

ತೋಟದ ಕೊನೆಯಲ್ಲಿ ರಾಗಿ ಹೊಲ. ಅಕ್ಕಡಿ ಸಾಲಿನ ಅವರೆ ಆಗಿನ್ನೂ ಹೂವಿನಲ್ಲಿತ್ತು. ಬದುವಿನ ಪಕ್ಕದ ಒಂದು ಪಟ್ಟಿ ಕಡಲೆಕಾಯಿಯನ್ನು ಯಜಮಾನರು ಮಕ್ಕಳಿಗೆಂದೇ ಬಿಟ್ಟಿದ್ದರು. ಹೂವು ಬಿಡುವುದು ನೆಲದ ಮೇಲೆ, ಕಾಯಿ ಕಟ್ಟುವುದು ನೆಲದೊಳಗೆ. ಹೂವಿನ ಬುಡದಿಂದ ದಾರದಂಥ ಒಂದು ಎಳೆ ಮಣ್ಣಿಗಿಳಿದು ತುದಿಯಲ್ಲಿ ಕಾಯಾಗುವುದನ್ನು ಮಗಳು ಗಿಡ ಕಿತ್ತು ಕಣ್ಣಾರೆ ನೋಡಿದಳು. ಶಾಲೆಯ ಪಾಠದಲ್ಲಿ ಓದಿದ್ದಳಂತೆ. "ಪಾಠದಲ್ಲಿ ಇಷ್ಟು ಮಣ್ಣಿರಲಿಲ್ಲ" ಎಂದಳು, ಉಗುರು ನೋಡಿಕೊಳ್ಳುತ್ತ.

23 ಕಾಯಿ

ಎಲ್ಲವೂ ಸರಿಯಾಗಿಯೇ ನಡೆಯುತ್ತಿದ್ದಾಗ 'ಚಟ್' ಎಂದು ಸದ್ದಾಯಿತು.

ಮಗ ಮೇಲಿನ ಹಣ್ಣಿಗೆ ಕೈ ಎಟುಕದೆ ಕೆಳಗಿನ ಕೊಂಬೆ ಹಿಡಿದು ಜೋತುಬಿದ್ದಿದ್ದ. ಕಾಯಿಯ ಭಾರಕ್ಕೆ ಮೊದಲೇ ಬಾಗಿದ್ದ ಕೊಂಬೆ ಬುಡದಲ್ಲಿ ಸೀಳಿತ್ತು. ಅವನ ಮುಖ ಬಿಳುಚಿತು. ನಮ್ಮವರು ಜೇಬಿಗೆ ಕೈ ಹಾಕಿದರು. "ಎಷ್ಟಾಗುತ್ತೆ ಹೇಳಿ, ಕೊಟ್ಟುಬಿಡ್ತೀನಿ."

ಯಜಮಾನರು ಕೊಂಬೆ ಎತ್ತಿ ನೋಡಿ, "ಹೋಗ್ಲಿ ಬುಡಿ ಸಾ. ಹೆಂಗೂ ಸವರಬೇಕಾಗಿತ್ತು" ಎಂದರು. ಸೀಬೆ ಹೂ ಬಿಡುವುದು ಹೊಸ ಚಿಗುರಿನಲ್ಲಿ. ಹಾಗಾಗಿ ಸವರುವುದು ಉಂಟು. ಆದರೆ ಕಾಯಿ ತುಂಬಿದ ಕೊಂಬೆಯನ್ನು ಯಾರೂ ಸವರುವುದಿಲ್ಲ ಎನ್ನುವುದು ನಮ್ಮಂಥ ಪಟ್ಟಣದವರಿಗೂ ತಿಳಿಯುವ ಮಾತು.

ಮಾವನವರು ಮೊಮ್ಮಗನನ್ನು ಕರೆದು ಕೊಂಬೆಯ ಪಕ್ಕ ಕೂರಿಸಿಕೊಂಡರು. "ಎಣಿಸು" ಎಂದರು. ಅವನು ಎಣಿಸಿದ. ಗೋಲಿಯಷ್ಟಿದ್ದವು, ನಿಂಬೆಯಷ್ಟಿದ್ದವು, ಎಲ್ಲ ಸೇರಿ 23.

"ಅವರು ಬಿಡು ಅಂದಿದ್ದು ಅವರ ದೊಡ್ಡತನ. ನಿಮ್ಮಪ್ಪ ಕಾಸು ಕೊಡ್ತೀನಿ ಅಂದಿದ್ದು ನಿಮ್ಮಪ್ಪನ ಲೆಕ್ಕ. ನಿನ್ನ ಲೆಕ್ಕ ಯಾವುದು?"

ಹುಡುಗ ತಲೆ ತಗ್ಗಿಸಿದ.

"23 ಕಾಯಿ ಹೋಯ್ತಲ್ಲ, 23 ಕಾಯಿಗೆ ಬಲೆ ಕಟ್ಟಿಕೊಡು. ಬಾ, ನಾನೂ ಬರ್ತೀನಿ."

ಆ ಸಾಲಿನಲ್ಲಿ ತೋಟದ ಯಜಮಾನರ ತಾಯಿ ಒಬ್ಬರೇ ಕೂತು ಕವರು ಕಟ್ಟುತ್ತಿದ್ದರು. ಎಂಬತ್ತರ ಅಂಚಿನ ಅಜ್ಜಿ. ಬಲೆಯನ್ನು ಬೆರಳಲ್ಲಿ ಅಗಲಿಸಿ ಕಾಯಿಗೆ ತೊಡಿಸುವುದು, ಕವರು ಏರಿಸುವುದು, ತೊಟ್ಟಿನ ಬಳಿ ಮಡಿಸಿ ಪಿನ್ನು ಹೊಡೆಯುವುದು. ಮೊದಲ ಕಾಯಿಗೆ ಮಗ ಐದು ನಿಮಿಷ ತೆಗೆದುಕೊಂಡ. ಎರಡನೆಯದು ತೊಟ್ಟು ಕಳಚಿ ಬಿದ್ದೇಹೋಯಿತು. "24 ಆಯ್ತು ಈಗ" ಎಂದರು ಮಾವನವರು, ನಗದೆ.

ಅಜ್ಜಿ ಮಾವನವರ ಕೈಯ ಚುರುಕು ನೋಡಿ ಕೇಳಿದರು: "ಯಾವೂರು ಸ್ವಾಮಿ ನಿಮ್ದು?"

ಮಾವನವರು ಗೋಕುಲಂ ಎನ್ನಲಿಲ್ಲ. ಹಳ್ಳಿಯ ಹೆಸರು ಹೇಳಿದರು.

"ಜಮೀನಯ್ತಾ?"

"ಇತ್ತು."

ಅಜ್ಜಿ ಮತ್ತೇನೂ ಕೇಳಲಿಲ್ಲ. ಇನ್ನೊಂದು ಹಿಡಿ ಬಲೆಗಳನ್ನು ಮಾವನವರ ಕಡೆ ಸರಿಸಿದರು.

24 ಮುಗಿದ ಮೇಲೂ ಇಬ್ಬರೂ ಏಳಲಿಲ್ಲ. ನಾವು ತಂದಿದ್ದ ಚಿತ್ರಾನ್ನ, ಮೊಸರನ್ನ ಹೊಂಗೆಯ ನೆರಳಲ್ಲಿ ಕಾದವು. ಕೊನೆಗೆ ಮಗಳು ಹೋಗಿ ಎಳೆದು ತರಬೇಕಾಯಿತು.

ನೀವೂ ಹೋಗುವುದಾದರೆ

ಇಂಥ ತೋಟಗಳು ಮೈಸೂರಿನ ಸುತ್ತ ಹುಡುಕಿದರೆ ಸಿಕ್ಕಾವು. ಬೋರ್ಡಿಲ್ಲದಿದ್ದರೂ ಕೇಳಿದರೆ ಬಾ ಎನ್ನುವ ರೈತರಿದ್ದಾರೆ. ಆದರೆ ಮೊದಲೇ ಕೇಳಿಕೊಂಡು ಹೋಗುವುದು ಮರ್ಯಾದೆ. ಬೆಳಗಿನ ಹೊತ್ತು ಒಳ್ಳೆಯದು. ಬಿಸಿಲೇರಿದ ಮೇಲೆ ಕಿತ್ತ ಹಣ್ಣು ಬೇಗ ಬಾಡುತ್ತದೆ. ಬಟ್ಟೆಯ ಚೀಲಕ್ಕಿಂತ ಬುಟ್ಟಿ ಮೇಲು, ತಳದ ಹಣ್ಣು ಜಜ್ಜುವುದಿಲ್ಲ. ಮಕ್ಕಳಿಗೆ ತೋಳು ಮುಚ್ಚುವ ಅಂಗಿ ಇರಲಿ, ಕೆಂಜಿಗ ಸೀಬೆ ಮರದ ಖಾಯಂ ಬಾಡಿಗೆದಾರ. ಬೆಲೆಯಲ್ಲಿ ಚೌಕಾಸಿ ಬೇಡ; ಕಿತ್ತ ಮೇಲೆ ನಿಮಗೇ ಮನಸ್ಸು ಬರುವುದಿಲ್ಲ.

ಕಿತ್ತದ್ದನ್ನು ಉಳಿಸಿಕೊಳ್ಳುವುದೂ ಒಂದು ವಿದ್ಯೆ. ಆ ವಿದ್ಯೆಗೆಂದೇ ನಮ್ಮ ಬಡಾವಣೆಗೆ ಹೆಚ್ಚು ದೂರವಿಲ್ಲದ ಚೆಲುವಾಂಬ ಅರಮನೆಯಲ್ಲಿ 1950ರಿಂದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಇದೆ. ಕೊಯ್ಲಾದ ಮೇಲೆ ಹಣ್ಣು ತರಕಾರಿ ಕೆಡದಂತೆ ನೋಡಿಕೊಳ್ಳುವುದು ಅಲ್ಲಿನ ವಿಜ್ಞಾನಿಗಳ ಕೆಲಸಗಳಲ್ಲೊಂದು. ನಮ್ಮ ಮನೆಯ ಉಪಾಯ ಅಷ್ಟು ದೊಡ್ಡದಲ್ಲ: ಹಣ್ಣಾದದ್ದನ್ನು ಕಾಯಿಯಿಂದ ಬೇರೆ ಇಡಿ, ಒಂದು ಪಾಲನ್ನು ಅಂದೇ ಅಕ್ಕಪಕ್ಕದ ಮನೆಗೆ ಹಂಚಿ.

ಕೂಲಿ ಎಷ್ಟು?

ಹೊರಡುವಾಗ ತೂಕವಾಯಿತು. ಏಳೂವರೆ ಕಿಲೋ. ದುಡ್ಡು ಕೊಟ್ಟು ಚೀಲ ಎತ್ತಿಕೊಳ್ಳುವಷ್ಟರಲ್ಲಿ ಅಜ್ಜಿ ಬಲೆಯ ಸಾಲಿನಿಂದ ಬಂದರು. ಮಡಿಲಲ್ಲಿ ನಾಲ್ಕು ದೊಡ್ಡ ಸೀಬೆ, ಅಂಗಡಿಗೆ ಹೋಗಬೇಕಾದವು. ತೂಕದ ಯಂತ್ರದ ಮೇಲಿಡದೆ ನೇರವಾಗಿ ಮಾವನವರ ಕೈಗೆ ಹಾಕಿದರು.

"ಇದ್ಯಾತಕ್ಕೆ ತಾಯಿ?"

"ನಿಮ್ಮ ಕೂಲಿ."

ಮಾವನವರು ಬೇಡವೆನ್ನಲಿಲ್ಲ. ಎರಡೂ ಕೈ ಸೇರಿಸಿ ತೆಗೆದುಕೊಂಡರು. ಎರಡನ್ನು ಮೊಮ್ಮಗನ ಜೇಬಿಗೆ ತುರುಕಿ, "ಇದು ನಿಂದು" ಎಂದರು.

ಆ ರಾತ್ರಿ ನಾದಿನಿಯ ಫೋನು. ಚಿತ್ರಗಳನ್ನು ಮಗಳು ಆಗಲೇ ಕಳಿಸಿಬಿಟ್ಟಿದ್ದಳು. "ಏನಪ್ಪಾ, ನೀವೂ ಹಣ್ಣು ಕೀಳೋಕೆ ಹೋಗಿದ್ರಂತೆ!" ಎಂದು ಆ ಕಡೆಯಿಂದ ನಗು.

"ಕೀಳೋಕಲ್ಲ ಕಣಮ್ಮ, ಕೂಲಿಗೆ ಹೋಗಿದ್ದೆ. ಕೂಲಿನೂ ಕೊಟ್ಟರು."

ಫೋನು ಇಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದರು. ಆಮೇಲೆ ನಮ್ಮವರನ್ನು ಕರೆದು, ಪಿರಿಯಾಪಟ್ಟಣಕ್ಕೆ ಈಗ ಕಾರಿನಲ್ಲಿ ಎಷ್ಟು ಹೊತ್ತಿನ ದಾರಿ ಎಂದು ಕೇಳಿದರು. ಒಂದೂವರೆ ಗಂಟೆ ಸಾಕು ಎಂದರು ಇವರು.

"ಬಾವಿ ಪಕ್ಕದ ಆ ಮರ ಇದ್ದರೂ ಇರಬಹುದು, ಅಥವಾ ಕಡಿದಿರಬಹುದು" ಎಂದರು ಮಾವನವರು. "ಬರೋ ಭಾನುವಾರ ನೋಡಿಕೊಂಡು ಬರೋಣ. ಜಮೀನು ಈಗ ಯಾರದೋ, ಅವರನ್ನು ಕೇಳಿಯೇ ಒಳಗೆ ಹೋಗೋಣ."